ಹ್ಯಾಂಡಲ್ ತಿರುಗಿಸಿದರೆ ಬೈಕ್ ಆಫ್ ಆಗುತ್ತದೆ, ಫ್ಯೂಸ್ ಹೋಗುತ್ತದೆ: ಇಡೀ ವೈರಿಂಗ್ ಬದಲಿಸಬೇಕಾ?

ಪ್ರಶ್ನೆ: ನನ್ನ ಬೈಕ್‌ಗೆ ಎಂಟು ವರ್ಷ ಆಗಿದೆ. ಕಾರ್ಬ್ಯುರೇಟರ್ ಇರುವ ಗಾಡಿ, ಸೆಲ್ಫ್ ಸ್ಟಾರ್ಟ್ ಇದೆ. ಇತ್ತೀಚೆಗೆ ಹ್ಯಾಂಡಲ್ ಪೂರ್ತಿ ಎಡಕ್ಕೆ ತಿರುಗಿಸಿದಾಗ ಒಮ್ಮೊಮ್ಮೆ ಹೆಡ್‌ಲೈಟ್, ಹಾರ್ನ್, ಮೀಟರ್ ಲೈಟ್ ಎಲ್ಲಾ ಒಟ್ಟಿಗೆ ಹೋಗುತ್ತವೆ. ಎಂಜಿನ್ ಕೂಡ ನಿಂತುಬಿಡುತ್ತದೆ. ಹ್ಯಾಂಡಲ್ ನೇರ ಮಾಡಿದರೆ ಎಲ್ಲಾ ವಾಪಸ್ ಬರುತ್ತದೆ. ಈ ಮಧ್ಯೆ ಮೇನ್ ಫ್ಯೂಸ್ ಎರಡು ಸಲ ಹೋಯಿತು. ಹಿಂದೆ ಎರಡು ಎಕ್ಸ್‌ಟ್ರಾ ಲೈಟ್ ಮತ್ತು ಮೊಬೈಲ್ ಚಾರ್ಜರ್ ಹಾಕಿಸಿದ್ದೆ. ಒಬ್ಬರು ದೊಡ್ಡ ಫ್ಯೂಸ್ ಹಾಕಿ ಅಂತಾರೆ. ಇನ್ನೊಬ್ಬರು ಇಡೀ ವೈರಿಂಗ್ ಕಿಟ್ ಬದಲಿಸಿ ಅಂತಾರೆ. ಮನೆಯಲ್ಲೇ ಸರಿ ಮಾಡಬಹುದಾ? ಮಲ್ಟಿಮೀಟರ್ ಇದೆ, ಆದರೆ ಬಳಸಿ ಅಷ್ಟಾಗಿ ರೂಢಿ ಇಲ್ಲ.

ಉತ್ತರ: ಖಂಡಿತ ಮಾಡಬಹುದು. ಆದರೆ ಮುಂದೆ ಓದುವ ಮೊದಲೇ ಒಂದು ಮಾತು ಕೇಳಿ. ದೊಡ್ಡ ಫ್ಯೂಸ್ ಹಾಕಬೇಡಿ. ತಂತಿ ಸುತ್ತಿ ಹಾಕುವುದು, ಸಿಗರೇಟ್ ಪ್ಯಾಕಿನ ಬೆಳ್ಳಿ ಕಾಗದ ತುರುಕುವುದು ಅಂತೂ ಬೇಡವೇ ಬೇಡ. ಫ್ಯೂಸ್ ಇರುವುದು ವೈರನ್ನು ಕಾಪಾಡಲಿಕ್ಕೆ. ಗಾಡಿಯ ವೈರ್ ಎಷ್ಟು ಕರೆಂಟ್ ತಡೆಯುತ್ತದೋ ಅದಕ್ಕಿಂತ ಕಡಿಮೆಗೇ ಕರಗುವ ಹಾಗೆ ಅದನ್ನು ಲೆಕ್ಕ ಹಾಕಿ ಕೊಟ್ಟಿರುತ್ತಾರೆ. 15 ಆಂಪಿಯರ್ ಜಾಗದಲ್ಲಿ 30 ಹಾಕಿದರೆ, ಮುಂದಿನ ಸಲ ಶಾರ್ಟ್ ಆದಾಗ ಫ್ಯೂಸ್ ಸುಮ್ನೆ ಕೂತಿರುತ್ತದೆ, ವೈರ್ ಕಾದು ಕರಗುತ್ತದೆ. ಆ ವೈರ್ ಹೋಗುವುದು ಪೆಟ್ರೋಲ್ ಟ್ಯಾಂಕಿನ ಕೆಳಗೆ. ಇದು ಸರಿಯಾಗುವವರೆಗೂ ರಾತ್ರಿ ಹೊತ್ತು ಗಾಡಿ ತೆಗೆಯಬೇಡಿ. ತಿರುವಿನಲ್ಲಿ ಲೈಟೂ ಎಂಜಿನ್ನೂ ಒಟ್ಟಿಗೆ ಹೋದರೆ ಏನಾಗಬಹುದು ಅಂತ ನಾನು ಹೇಳಬೇಕಾಗಿಲ್ಲ.

ಈಗ ನೀವು ಬರೆದಿರುವ ಲಕ್ಷಣಗಳನ್ನೇ ನೋಡೋಣ. ಅರ್ಧ ಉತ್ತರ ಅದರಲ್ಲೇ ಇದೆ.

ಹೆಡ್‌ಲೈಟ್ ಒಂದೇ ಹೋಗಿದ್ದರೆ ಬಲ್ಬ್, ಹೋಲ್ಡರ್, ಸ್ವಿಚ್ ನೋಡಿ ಅನ್ನುತ್ತಿದ್ದೆ. ನಿಮ್ಮದರಲ್ಲಿ ಹೆಡ್‌ಲೈಟ್, ಹಾರ್ನ್, ಮೀಟರ್, ಎಂಜಿನ್ ನಾಲ್ಕೂ ಒಂದೇ ಸಲ ಹೋಗುತ್ತಿವೆ. ನಾಲ್ಕು ವಸ್ತು ಒಟ್ಟಿಗೆ ಕೆಡುವುದಿಲ್ಲ. ನಾಲ್ಕಕ್ಕೂ ಸೇರಿದ ಒಂದು ದಾರಿ ಕಡಿದುಹೋಗುತ್ತಿದೆ. ಆ ದಾರಿ ಯಾವುದು? ಬ್ಯಾಟರಿಯ ಪ್ಲಸ್‌ನಿಂದ ಮೇನ್ ಫ್ಯೂಸ್, ಅಲ್ಲಿಂದ ಟ್ಯಾಂಕಿನ ಕೆಳಗೆ ಹಾದು ಕೀ ಲಾಕ್, ಕೀ ಲಾಕ್‌ನಿಂದ ಮತ್ತೆ ವಾಪಸ್ ಬಂದು ಎಲ್ಲದಕ್ಕೂ ಹಂಚಿಕೆ. ಕೀ ಲಾಕ್ ಹ್ಯಾಂಡಲ್ ಮೇಲೆ ಕೂತಿರುತ್ತದೆ, ಹ್ಯಾಂಡಲ್ ಜೊತೆಗೇ ತಿರುಗುತ್ತದೆ. ಅಂದರೆ ಅದಕ್ಕೆ ಹೋಗುವ ವೈರ್‌ಗಳು ಚಾಸಿಯ ಕುತ್ತಿಗೆಯ ಹತ್ತಿರ ಪ್ರತಿ ತಿರುವಿಗೂ ಮಡಚಿ ಬಿಡಿಸಿಕೊಳ್ಳುತ್ತವೆ. ಎಂಟು ವರ್ಷ ಹೀಗೆ ಮಡಚಿದರೆ ಒಳಗಿನ ತಾಮ್ರದ ಎಳೆಗಳು ಒಂದೊಂದೇ ತುಂಡಾಗುತ್ತವೆ. ಮೇಲಿನ ಪ್ಲಾಸ್ಟಿಕ್ ಮಾತ್ರ ಚೆನ್ನಾಗಿಯೇ ಕಾಣುತ್ತಿರುತ್ತದೆ.

ಇನ್ನು ಫ್ಯೂಸ್ ಹೋಗುವುದು. ವೈರ್ ಕಡಿದರೆ ಕರೆಂಟ್ ನಿಲ್ಲುತ್ತದೆ, ಫ್ಯೂಸ್ ಹೋಗುವುದಿಲ್ಲ. ಫ್ಯೂಸ್ ಹೋಗಬೇಕಾದರೆ ಪ್ಲಸ್ ವೈರ್ ಚಾಸಿಗೆ ತಾಗಬೇಕು, ಇಲ್ಲವೇ ಮಿತಿ ಮೀರಿ ಕರೆಂಟ್ ಹರಿಯಬೇಕು. ಎರಡು ಬೇರೆ ತೊಂದರೆ ಅನ್ನಿಸುತ್ತದೆ, ಅಲ್ವಾ? ಆದರೆ ಅದೇ ಕುತ್ತಿಗೆಯಲ್ಲಿ ವೈರ್ ಲೋಹಕ್ಕೆ ಉಜ್ಜಿ ಸಿಪ್ಪೆ ಸವೆದಿದ್ದರೆ ಎರಡೂ ಒಂದೇ ಜಾಗದಲ್ಲಿ ಆಗಬಹುದು. ಒಂದು ಕಡೆ ಎಳೆ ಮುರಿದಿದೆ, ಇನ್ನೊಂದು ಕಡೆ ತಾಮ್ರ ಹೊರಗೆ ಕಾಣುತ್ತಿದೆ. ನನ್ನ ಮೊದಲ ಅನುಮಾನ ಇದೇ. ಎರಡನೇ ಅನುಮಾನ ನಿಮ್ಮ ಎಕ್ಸ್‌ಟ್ರಾ ಲೈಟ್‌ಗಳ ಮೇಲೆ. ಅನುಮಾನ ಅಂದೆ, ತೀರ್ಮಾನ ಅನ್ನಲಿಲ್ಲ. ವೈರಿಂಗ್ ಕೆಲಸದಲ್ಲಿ ಊಹೆ ಮೇಲೆ ಸಾಮಾನು ಬದಲಿಸುತ್ತಾ ಹೋದರೆ ಖರ್ಚಿಗೆ ಕೊನೆ ಇರುವುದಿಲ್ಲ. ಅಳತೆ ಮಾಡಿ, ಜಾಗ ಹಿಡಿದು, ಆಮೇಲೆ ಕೈ ಹಾಕಬೇಕು.

ಬ್ಯಾಟರಿಯಿಂದ ಶುರು ಮಾಡಿ. ಗಾಡಿ ಕೆಲವು ಗಂಟೆ ನಿಂತಮೇಲೆ ಮಲ್ಟಿಮೀಟರನ್ನು ಡಿಸಿ 20 ವೋಲ್ಟ್‌ಗೆ ಇಟ್ಟು ಬ್ಯಾಟರಿಯ ಪ್ಲಸ್, ಮೈನಸ್ ನಡುವೆ ನೋಡಿ. 12.6ರಿಂದ 12.8 ಇದ್ದರೆ ಪೂರ್ತಿ ಚಾರ್ಜ್ ಇದೆ. 12.2 ಅಂದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಮೊದಲು ಚಾರ್ಜ್ ಮಾಡಿಸಿ, ಇಲ್ಲದಿದ್ದರೆ ಮುಂದಿನ ಅಳತೆಗಳೆಲ್ಲಾ ದಾರಿ ತಪ್ಪಿಸುತ್ತವೆ. ಸೆಲ್ಫ್ ಒತ್ತಿದಾಗ ಸುಮಾರು 10 ವೋಲ್ಟ್‌ಗಿಂತ ಕೆಳಗೆ ಇಳಿಯಬಾರದು. ಟರ್ಮಿನಲ್ ಬೋಲ್ಟ್ ಕೈಯಲ್ಲಿ ಅಲುಗಾಡಿಸಿ ನೋಡಿ. ಅದು ಲೂಸ್ ಇದ್ದರೂ ಎಲ್ಲಾ ಒಟ್ಟಿಗೆ ಹೋಗುತ್ತದೆ.

ವೈರ್ ಬಿಚ್ಚುವಾಗ, ಕತ್ತರಿಸುವಾಗ, ಸೇರಿಸುವಾಗೆಲ್ಲಾ ಬ್ಯಾಟರಿ ಬಿಚ್ಚಿ, ಮುಂದೆ ಹೇಳುವ ಪರೀಕ್ಷೆಗಳಿಗೆ ಮಾತ್ರ ಅದು ಕೂಡಿರಲಿ. ಮೊದಲು ಮೈನಸ್, ಆಮೇಲೆ ಪ್ಲಸ್. ಹಾಕುವಾಗ ಮೊದಲು ಪ್ಲಸ್, ಕೊನೆಗೆ ಮೈನಸ್. ಇದಕ್ಕೆ ಕಾರಣ ಇದೆ. ಮೈನಸ್ ಚಾಸಿಗೆ ಸೇರಿರುತ್ತದೆ. ಅದು ಇರುವಾಗ ಪ್ಲಸ್ ಬಿಚ್ಚಲು ಹೋಗಿ ಸ್ಪ್ಯಾನರ್ ಚಾಸಿಗೆ ತಾಗಿದರೆ ನೇರ ಶಾರ್ಟ್, ನಡುವೆ ಫ್ಯೂಸ್ ಕೂಡ ಇಲ್ಲ. ಕೈಯಲ್ಲಿ ಉಂಗುರ, ಬಳೆ, ಲೋಹದ ವಾಚ್ ಇದ್ದರೆ ತೆಗೆದಿಡಿ. ಇನ್ನೊಂದು ವಿಷಯ: ಎಂಜಿನ್ ಓಡುತ್ತಿರುವಾಗ ಬ್ಯಾಟರಿ ಬಿಚ್ಚಿ "ಚಾರ್ಜಿಂಗ್ ಆಗುತ್ತಿದೆಯಾ" ಅಂತ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಮಾಡಬೇಡಿ. ಬ್ಯಾಟರಿ ತೆಗೆದ ಕ್ಷಣಕ್ಕೆ ವೋಲ್ಟೇಜ್ ಮೇಲೇರಿ ಬಲ್ಬ್, ಸಿಡಿಐ (ಎಂಜಿನ್‌ಗೆ ಸ್ಪಾರ್ಕ್ ಕೊಡಿಸುವ ಡಬ್ಬಿ), ಗಾಡಿಯ ಮೀಟರ್ ಸುಟ್ಟುಹೋಗಬಹುದು.

ಈಗ ಎಕ್ಸ್‌ಟ್ರಾ ಲೈಟ್ ಮತ್ತು ಚಾರ್ಜರ್ ಕನೆಕ್ಷನ್ ತೆಗೆಯಿರಿ. ಸ್ವಿಚ್ ಆಫ್ ಮಾಡಿದರೆ ಸಾಲದು, ಅವುಗಳ ವೈರನ್ನೇ ಬಿಡಿಸಿ. ಹೊರಗಿನಿಂದ ಹಾಕಿದ ಸಾಮಾನನ್ನು ಬಹಳ ಕಡೆ ಹೆಡ್‌ಲೈಟ್ ವೈರಿಗೋ ಕೀ ಲಾಕ್ ವೈರಿಗೋ ಸಿಪ್ಪೆ ಸುಲಿದು ಸುತ್ತಿ, ಮೇಲೆ ಟೇಪ್ ಹಾಕಿ ಬಿಟ್ಟಿರುತ್ತಾರೆ. ಎಂಜಿನ್ ಬಿಸಿಗೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ. ವೈರನ್ನು ಕತ್ತರಿಸದೆ ಮೇಲಿಂದ ಒತ್ತಿ ಕೂರಿಸುವ ಪ್ಲಾಸ್ಟಿಕ್ ಕ್ಲಿಪ್‌ಗಳೂ ಬರುತ್ತವೆ. ಅದರ ಬ್ಲೇಡ್ ಒಳಗಿನ ಕೆಲವು ಎಳೆಗಳನ್ನು ಕತ್ತರಿಸಬಹುದು, ನೀರು ಒಳಗೆ ಹೋಗಲು ದಾರಿಯೂ ಆಗಬಹುದು. ಅಂಥದ್ದು ಕಂಡರೆ ತೆಗೆದು ಆ ಜಾಗದ ವೈರ್ ಪರೀಕ್ಷೆ ಮಾಡಿ. ಇವನ್ನೆಲ್ಲಾ ಬಿಡಿಸಿದ ಮೇಲೆ ತೊಂದರೆ ನಿಂತೇಹೋದರೆ ಕಳ್ಳ ಸಿಕ್ಕಿದ ಹಾಗೇ.

ನಿಲ್ಲದಿದ್ದರೆ ಶಾರ್ಟ್ ಹುಡುಕಬೇಕು. ಇದಕ್ಕೆ ಫ್ಯೂಸ್ ಮೇಲೆ ಫ್ಯೂಸ್ ಸುಡಬೇಕಾಗಿಲ್ಲ. 12 ವೋಲ್ಟ್, 21 ವ್ಯಾಟ್‌ನ ಬ್ರೇಕ್ ಲೈಟ್ ಬಲ್ಬ್ ಒಂದು ತನ್ನಿ. ಅದಕ್ಕೆ ಎರಡು ವೈರ್ ಸೇರಿಸಿ, ಮೇನ್ ಫ್ಯೂಸ್ ತೆಗೆದು ಅದರ ಎರಡು ಕಾಲಿನ ಜಾಗಕ್ಕೆ ಈ ಬಲ್ಬ್ ಕೊಡಿ. ಈಗ ಎಲ್ಲಾ ಕರೆಂಟ್ ಬಲ್ಬ್ ಮೂಲಕವೇ ಹೋಗಬೇಕು. ಪೂರ್ತಿ ಶಾರ್ಟ್ ಇದ್ದರೂ 2 ಆಂಪಿಯರ್ ಕೂಡ ದಾಟುವುದಿಲ್ಲ, ಹಾಗಾಗಿ ವೈರ್ ಸುಡುವ ಭಯ ಇಲ್ಲ. ಬಲ್ಬ್ ಮಾತ್ರ ಕಾಯುತ್ತದೆ, ಅದನ್ನು ಪ್ಲಾಸ್ಟಿಕ್‌ಗೆ, ಸೀಟಿಗೆ ತಾಗದ ಹಾಗೆ ಇಡಿ.

ಕೀ ಆಫ್ ಇರುವಾಗಲೇ ಬಲ್ಬ್ ಜೋರಾಗಿ ಉರಿದರೆ, ಫ್ಯೂಸ್‌ನಿಂದ ಕೀ ಲಾಕ್‌ವರೆಗಿನ ವೈರ್ ಎಲ್ಲೋ ಚಾಸಿಗೆ ತಾಗಿದೆ. ಉರಿಯದಿದ್ದರೆ ಹೆಡ್‌ಲೈಟ್ ಕಪ್ಲರ್ (ವೈರ್‌ಗಳನ್ನು ಸೇರಿಸುವ ಪ್ಲಾಸ್ಟಿಕ್ ಕನೆಕ್ಟರ್) ತೆಗೆದು ಕೀ ಆನ್ ಮಾಡಿ. ಮಂದವಾಗಿ ಉರಿಯುವುದು ಸಹಜ, ಮೀಟರ್ ಲೈಟ್ ಮುಂತಾದವು ಎಳೆಯುವ ಕರೆಂಟ್ ಅದು. ಈಗ ಹ್ಯಾಂಡಲನ್ನು ನಿಧಾನವಾಗಿ ಈ ತುದಿಯಿಂದ ಆ ತುದಿಗೆ ತಿರುಗಿಸಿ. ಯಾವುದೋ ಒಂದು ಕೋನದಲ್ಲಿ ಬಲ್ಬ್ ಒಮ್ಮೆಲೆ ಪೂರ್ತಿ ಬೆಳಗಿದರೆ ಶಾರ್ಟ್ ಇರುವ ಜಾಗ ಅದೇ. ಹ್ಯಾಂಡಲ್ ಅಲ್ಲೇ ಹಿಡಿದು, ಇನ್ನೊಬ್ಬರಿಗೆ ಬಲ್ಬ್ ನೋಡಲು ಹೇಳಿ, ವೈರ್ ಕಟ್ಟನ್ನು ಬೆರಳಿನಿಂದ ಒಂದೊಂದು ಕಡೆ ಅಲುಗಾಡಿಸುತ್ತಾ ಹೋಗಿ. ಯಾವ ಕಡೆ ಮುಟ್ಟಿದಾಗ ಬಲ್ಬ್ ಮಂದವಾಗುತ್ತದೋ ಅಲ್ಲಿ ನಿಲ್ಲಿಸಿ. ಕೈಯಿಂದ ಸಿಗದಿದ್ದರೆ ಕಪ್ಲರ್‌ಗಳನ್ನು ಒಂದೊಂದಾಗಿ ಬಿಡಿಸಿ. ಯಾವ ಕಪ್ಲರ್ ತೆಗೆದಾಗ ಬೆಳಕು ಇಳಿಯುತ್ತದೋ ಶಾರ್ಟ್ ಆ ಕವಲಿನಲ್ಲಿದೆ. ಶಾರ್ಟ್ ಹಿಡಿಯಲು ಇದಕ್ಕಿಂತ ಒಳ್ಳೆಯ ಉಪಾಯ ನನಗೆ ಗೊತ್ತಿಲ್ಲ. ದುಬಾರಿ ಮೀಟರ್ ಇದ್ದವರೂ ಇದನ್ನೇ ಮಾಡುವುದು.

ಶಾರ್ಟ್ ಹುಡುಕಿದ್ದಾಯಿತು. ಇನ್ನು ಕಡಿದ ವೈರ್ ಹುಡುಕುವುದು. ಇಲ್ಲಿ ಹೆಚ್ಚಿನವರು ದಾರಿ ತಪ್ಪುತ್ತಾರೆ. ಫ್ಯೂಸ್ ವಾಪಸ್ ಹಾಕಿ, ಹೆಡ್‌ಲೈಟ್ ಬಲ್ಬಿನ ಕಪ್ಲರ್ ಬಿಡಿಸಿ, ಒಳಗೆ ಮಲ್ಟಿಮೀಟರ್ ಇಟ್ಟು ನೋಡುತ್ತಾರೆ. 12.5 ಕಾಣಿಸುತ್ತದೆ. "ಕರೆಂಟ್ ಬರ್ತಿದೆ, ವೈರ್ ಚೆನ್ನಾಗಿದೆ" ಅಂತ ಮುಂದೆ ಹೋಗುತ್ತಾರೆ. ಆದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇಡೀ ವೈರ್ ಕಡಿದು ಒಂದೇ ಒಂದು ಎಳೆ ಉಳಿದಿದ್ದರೂ ಅದು ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕಸ ಕಟ್ಟಿದ ಪೈಪಿನಲ್ಲೂ ನಲ್ಲಿ ಮುಚ್ಚಿದ್ದಾಗ ಒತ್ತಡ ಪೂರ್ತಿ ಇರುತ್ತದೆ, ತೆರೆದಾಗಲೇ ಬಣ್ಣ ಗೊತ್ತಾಗುವುದು. ಹಾಗಾಗಿ ಲೋಡ್ ಇರುವಾಗಲೇ ಅಳೆಯಬೇಕು. 35 ವ್ಯಾಟ್‌ನ ಹೆಡ್‌ಲೈಟ್ ಸುಮಾರು 3 ಆಂಪಿಯರ್ ಎಳೆಯುತ್ತದೆ. 55 ವ್ಯಾಟ್ ಆದರೆ ನಾಲ್ಕೂವರೆ ದಾಟುತ್ತದೆ. ಅಷ್ಟು ಕರೆಂಟ್ ಹರಿಯುವಾಗ ವೈರಿನ ನಿಜ ಹೊರಗೆ ಬರುತ್ತದೆ.

ಮಾಡುವುದು ಹೀಗೆ. ಫ್ಯೂಸ್, ಹೆಡ್‌ಲೈಟ್ ಕಪ್ಲರ್ ವಾಪಸ್ ಹಾಕಿ. ಕೀ ಆನ್, ಹೆಡ್‌ಲೈಟ್ ಆನ್. ಕೆಲವು ಗಾಡಿಗಳಲ್ಲಿ ಎಂಜಿನ್ ಓಡಿದರೆ ಮಾತ್ರ ಹೆಡ್‌ಲೈಟ್ ಉರಿಯುತ್ತದೆ, ಅಂಥದರಲ್ಲಿ ಬ್ರೇಕ್ ಲೈಟ್ ಮತ್ತು ಇಂಡಿಕೇಟರ್ ಹಾಕಿ. ಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಪ್ಲಸ್ ಮೇಲೆ ಇಡಿ. ಕಪ್ಪು ಕಡ್ಡಿಯನ್ನು ಕೀ ಲಾಕ್‌ನಿಂದ ಹೊರಬರುವ ವೈರಿನ ಕಪ್ಲರಿಗೆ ಹಿಂಬದಿಯಿಂದ ತೂರಿಸಿ. ಕಪ್ಲರ್ ಬಿಡಿಸಬೇಡಿ, ಅದು ಕೂಡಿರುವಾಗಲೇ ಅಳೆಯಬೇಕು. ವೈರಿನ ಸಿಪ್ಪೆಗೆ ಸೂಜಿ ಚುಚ್ಚಬೇಡಿ, ಆ ತೂತಿನಿಂದಲೇ ನೀರು ಹೋಗಿ ನಾಳೆ ತಾಮ್ರ ಹಸಿರಾಗುತ್ತದೆ. ಈಗ ಮೀಟರ್ ತೋರಿಸುವುದು ದಾರಿಯಲ್ಲಿ ಕಳೆದುಹೋಗುತ್ತಿರುವ ವೋಲ್ಟೇಜ್. 0.2, 0.3 ಇದ್ದರೆ ಚಿಂತೆ ಇಲ್ಲ. 0.5 ದಾಟಿದರೆ ಎಲ್ಲೋ ತಡೆ ಇದೆ. ಮೀಟರ್ ಮೇಲೆ ಕಣ್ಣಿಟ್ಟು ಹ್ಯಾಂಡಲ್ ಎಡಕ್ಕೆ ತಿರುಗಿಸಿ. ನಿಮ್ಮ ಗಾಡಿಯಲ್ಲಿ ಒಂದು ಹಂತದಲ್ಲಿ ಆ ಅಂಕಿ ಜಿಗಿದು 12ರ ಹತ್ತಿರ ಹೋಗಬೇಕು, ಲೈಟ್ ಆಗಲೇ ಹೋಗಬೇಕು. ಹೋಯಿತಾ? ತೊಂದರೆ ಈ ದಾರಿಯಲ್ಲೇ ಇದೆ ಅಂತ ಖಾತ್ರಿ. ಈಗ ಕಪ್ಪು ಕಡ್ಡಿಯನ್ನು ಕೀ ಲಾಕ್‌ಗೆ ಒಳಹೋಗುವ ವೈರಿಗೆ ಬದಲಿಸಿ. ಅಲ್ಲೂ ಜಿಗಿದರೆ ಕಡಿದಿರುವುದು ಬ್ಯಾಟರಿಯಿಂದ ಬರುವ ವೈರ್. ಅಲ್ಲಿ ಜಿಗಿಯದೆ ಹೊರಬರುವ ಕಡೆ ಮಾತ್ರ ಜಿಗಿದರೆ ಕೀ ಲಾಕ್ ಒಳಗಿನ ಕಾಂಟ್ಯಾಕ್ಟೋ, ಕೀ ಲಾಕ್‌ನಿಂದ ಕಪ್ಲರ್‌ವರೆಗಿನ ತುಂಡು ವೈರೋ ಕಾರಣ.

ಅರ್ಥಿಂಗ್, ಅಂದರೆ ಕರೆಂಟ್ ಬ್ಯಾಟರಿ ಮೈನಸ್‌ಗೆ ವಾಪಸ್ ಹೋಗುವ ದಾರಿ, ಅದಕ್ಕೂ ಇದೇ ಪರೀಕ್ಷೆ. ಕಪ್ಪು ಕಡ್ಡಿ ಬ್ಯಾಟರಿ ಮೈನಸ್ ಮೇಲೆ, ಕೆಂಪು ಕಡ್ಡಿ ಹೆಡ್‌ಲೈಟಿನ ಅರ್ಥಿಂಗ್ ವೈರ್ ಮೇಲೆ. 0.2ಕ್ಕಿಂತ ಜಾಸ್ತಿ ಬಂದರೆ ಅರ್ಥಿಂಗ್ ಬೋಲ್ಟ್ ಬಿಚ್ಚಿ, ತುಕ್ಕು, ಪೇಂಟ್ ಉಜ್ಜಿ ಲೋಹ ಕಾಣುವ ಹಾಗೆ ಮಾಡಿ ಬಿಗಿ ಮಾಡಿ. ಇಂಡಿಕೇಟರ್ ಹಾಕಿದರೆ ಹೆಡ್‌ಲೈಟ್ ಮಿಣುಕುವುದು, ಬ್ರೇಕ್ ಒತ್ತಿದರೆ ಮೀಟರ್ ಲೈಟ್ ಮಂದವಾಗುವುದು ಇಂಥ ವಿಚಿತ್ರಗಳಿಗೆಲ್ಲಾ ಹೆಚ್ಚಾಗಿ ಕೆಟ್ಟ ಅರ್ಥಿಂಗೇ ಕಾರಣ.

ವೈರಿನ ಬಣ್ಣದ ಬಗ್ಗೆ ಎಚ್ಚರ. ಕಪ್ಪು ಅಂದರೆ ಅರ್ಥಿಂಗ್ ಅಂತ ಅಂದುಕೊಂಡು ಕೈ ಹಾಕಬೇಡಿ. ಹೋಂಡಾ ಗಾಡಿಗಳಲ್ಲಿ ಸಾಮಾನ್ಯವಾಗಿ ಹಸಿರು ಅರ್ಥಿಂಗ್, ಕಪ್ಪು ಕೀ ಆನ್ ಮಾಡಿದಾಗ ಬರುವ ಪ್ಲಸ್. ಯಮಹಾದಲ್ಲಿ ಕಪ್ಪು ಅರ್ಥಿಂಗ್. ಸುಜುಕಿಯಲ್ಲಿ ಕಪ್ಪಿನ ಮೇಲೆ ಬಿಳಿ ಗೆರೆ, ಕವಾಸಾಕಿಯಲ್ಲಿ ಕಪ್ಪಿನ ಮೇಲೆ ಹಳದಿ ಗೆರೆ. ನಿಮ್ಮ ಗಾಡಿಯ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ವೈರಿಂಗ್ ನಕ್ಷೆ ಇರುತ್ತದೆ. ಅದನ್ನು ದೊಡ್ಡದಾಗಿ ಪ್ರಿಂಟ್ ತೆಗೆದು, ಬ್ಯಾಟರಿಯಿಂದ ಕೀ ಲಾಕ್‌ವರೆಗಿನ ದಾರಿಯನ್ನು ಪೆನ್ನಿನಲ್ಲಿ ಎಳೆಯಿರಿ. ಆ ಗೆರೆ ಎಳೆಯುವಾಗಲೇ ಗಾಡಿ ನಿಮಗೆ ಅರ್ಥವಾಗಲು ಶುರುವಾಗುತ್ತದೆ.

ಈಗ ಬಿಚ್ಚುವ ಕೆಲಸ. ಮೊದಲು ಹೆಡ್‌ಲೈಟ್ ಡೂಮ್ ತೆಗೆದು ನೋಡಿ. ಕೀ ಲಾಕ್ ಕಪ್ಲರ್ ಬಹಳ ಗಾಡಿಗಳಲ್ಲಿ ಅಲ್ಲೇ ಸಿಗುತ್ತದೆ. ಟ್ಯಾಂಕ್ ತೆಗೆಯಬೇಕಾಗಿ ಬಂದರೆ ಬಯಲಲ್ಲಿ ತೆಗೆಯಿರಿ, ಪೆಟ್ರೋಲ್ ಕಾಕ್ ಮುಚ್ಚಿ, ಟ್ಯಾಂಕನ್ನು ದೂರ ಒಯ್ದಿಡಿ. ಹತ್ತಿರದಲ್ಲಿ ಸೋಲ್ಡರಿಂಗ್ ಐರನ್, ಲೈಟರ್ ಏನೂ ಬೇಡ. ಬಿಚ್ಚುವ ಮೊದಲು ಪ್ರತಿ ಹಂತದಲ್ಲೂ ಫೋಟೋ ತೆಗೆದುಕೊಳ್ಳಿ, ವೈರ್ ಯಾವ ಕೊಕ್ಕೆಯ ಒಳಗಿನಿಂದ ಬಂದಿತ್ತು ಅನ್ನುವುದು ಆಮೇಲೆ ನೆನಪಿರುವುದಿಲ್ಲ. ಕುತ್ತಿಗೆಯ ಹತ್ತಿರದ ಟೇಪ್ ಬಿಚ್ಚಿ, ಒಂದೊಂದು ವೈರನ್ನೂ ಎರಡು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆದು ನೋಡಿ. ಒಳಗೆ ಕಡಿದಿರುವ ಕಡೆ ಸಿಪ್ಪೆ ರಬ್ಬರಿನ ಹಾಗೆ ಹಿಗ್ಗುತ್ತದೆ. ಚೆನ್ನಾಗಿರುವ ವೈರ್ ಹಿಗ್ಗುವುದಿಲ್ಲ.

ಕಡಿದ ವೈರನ್ನು ಅದೇ ಜಾಗದಲ್ಲಿ ಸುತ್ತಿ ಟೇಪ್ ಹಾಕಿದರೆ ಮತ್ತೆ ಅಲ್ಲೇ ಕಡಿಯುತ್ತದೆ. ಮಡಚುವ ಭಾಗವನ್ನೇ ಪೂರ್ತಿ ಕತ್ತರಿಸಿ ತೆಗೆಯಿರಿ, ಸುಮಾರು ಒಂದು ಗೇಣು. ಅದೇ ದಪ್ಪದ, ಸಣ್ಣ ಎಳೆಗಳು ಜಾಸ್ತಿ ಇರುವ ಆಟೋ ವೈರ್ ಹಾಕಿ. ಮನೆ ವೈರಿಂಗಿನ ಒಂಟಿ ಕಂಬಿಯ ವೈರ್ ಗಾಡಿಗೆ ಆಗುವುದಿಲ್ಲ, ಅದು ಅದುರಿ ಬೇಗ ಮುರಿಯುತ್ತದೆ. ಎರಡೂ ಜಾಯಿಂಟ್ ಮಡಚದ ಭಾಗದಲ್ಲಿ ಬರಬೇಕು. ಎರಡು ಮೂರು ವೈರ್ ಬದಲಿಸುತ್ತಿದ್ದರೆ ಜಾಯಿಂಟ್‌ಗಳನ್ನು ಒಂದರ ಪಕ್ಕ ಒಂದು ಬಾರದ ಹಾಗೆ ಹಿಂದೆ ಮುಂದೆ ಮಾಡಿ.

ಜಾಯಿಂಟ್‌ಗೆ ಸೋಲ್ಡರ್ ಮಾಡಬೇಕಾ, ಕ್ರಿಂಪ್ (ಲೋಹದ ಕೊಳವೆಯೊಳಗೆ ವೈರ್ ಇಟ್ಟು ಟೂಲ್‌ನಿಂದ ಒತ್ತಿ ಸೇರಿಸುವುದು) ಮಾಡಬೇಕಾ ಅಂತ ಬಹಳ ಜನ ಕೇಳುತ್ತಾರೆ. ಗಾಡಿಯಲ್ಲಿ ನಾನು ಕ್ರಿಂಪ್ ಪರ. ಸೋಲ್ಡರ್ ಎಳೆಗಳ ನಡುವೆ ಹರಿದು ವೈರನ್ನು ಕಡ್ಡಿಯ ಹಾಗೆ ಗಟ್ಟಿ ಮಾಡುತ್ತದೆ. ಗಟ್ಟಿ ಭಾಗ ಮುಗಿದು ಮೆತ್ತನೆ ಭಾಗ ಶುರುವಾಗುವ ಗಡಿಯಲ್ಲಿ ಅದುರಿ ಅದುರಿ ಎಳೆಗಳು ಮುರಿಯುತ್ತವೆ. ಸರಿಯಾದ ಕ್ರಿಂಪಿಂಗ್ ಟೂಲ್ ಬೇಕು, ಕಟಿಂಗ್ ಪ್ಲೇಯರ್‌ನಲ್ಲಿ ಜಜ್ಜಿದರೆ ಅದು ಕ್ರಿಂಪ್ ಅಲ್ಲ. ಸೋಲ್ಡರೇ ಮಾಡಬೇಕಾದರೆ ಜಾಯಿಂಟ್ ಅಲುಗಾಡದ ಹಾಗೆ ಎರಡೂ ಕಡೆ ಆಧಾರ ಕೊಡಿ. ಮೇಲೆ ಹೀಟ್ ಶ್ರಿಂಕ್ ಟ್ಯೂಬ್ ಹಾಕಿ, ಒಳಗೆ ಅಂಟು ಇರುವಂಥದ್ದು ಸಿಕ್ಕರೆ ನೀರು ಹೋಗುವುದಿಲ್ಲ. ಟ್ಯೂಬನ್ನು ವೈರ್ ಸೇರಿಸುವ ಮೊದಲೇ ತೂರಿಸಿಟ್ಟುಕೊಳ್ಳಬೇಕು.

ಕೊನೆಗೆ ಇಡೀ ಕಟ್ಟಿಗೆ ಬಟ್ಟೆಯ ಹಾರ್ನೆಸ್ ಟೇಪ್ ಅಥವಾ ಸ್ಲೀವ್ ಹಾಕಿ, ಮೊದಲಿದ್ದ ದಾರಿಯಲ್ಲೇ ಕೂರಿಸಿ. ಹ್ಯಾಂಡಲ್ ಎರಡೂ ತುದಿಗೆ ತಿರುಗಿಸಿ ನೋಡಿ. ಎಲ್ಲೂ ಬಿಗಿಯಬಾರದು, ಹ್ಯಾಂಡಲ್ ಸ್ಟಾಪರ್ ಮತ್ತು ಚಾಸಿ ನಡುವೆ ವೈರ್ ಸಿಕ್ಕಬಾರದು. ಕೇಬಲ್ ಟೈಯನ್ನು ಕುತ್ತಿಗೆಯ ಹತ್ತಿರ ಜೋರಾಗಿ ಬಿಗಿಯಬೇಡಿ.

ಬಿಚ್ಚಿದ್ದೀರಿ ಅಂದಮೇಲೆ ಕಪ್ಲರ್‌ಗಳನ್ನೂ ನೋಡಿಬಿಡಿ. ಹಸಿರು ಹಿಡಿದಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಾಕು. ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿದ್ದರೆ ಒಳಗಿನ ಲಗ್ (ವೈರಿನ ತುದಿಯ ಲೋಹದ ಕಾಂಟ್ಯಾಕ್ಟ್) ಕಾದು ತನ್ನ ಬಿಗಿ ಕಳೆದುಕೊಂಡಿದೆ, ತೊಳೆದು ಪ್ರಯೋಜನ ಇಲ್ಲ, ಲಗ್ ಬದಲಿಸಬೇಕು. ಆರ್‌ಆರ್ ಯೂನಿಟ್ (ಬ್ಯಾಟರಿಗೆ ಹೋಗುವ ಚಾರ್ಜಿಂಗ್ ವೋಲ್ಟೇಜ್ ಹಿಡಿತದಲ್ಲಿಡುವ ರೆಗ್ಯುಲೇಟರ್-ರೆಕ್ಟಿಫೈಯರ್) ಕಪ್ಲರ್ ಹೀಗೆ ಸುಡುವುದು ಜಾಸ್ತಿ.

ಎಕ್ಸ್‌ಟ್ರಾ ಲೈಟ್ ಮತ್ತೆ ಬೇಕೇ ಬೇಕು ಅಂದರೆ ಗಾಡಿಯ ವೈರಿಂದ ಕರೆಂಟ್ ಕದಿಯಬೇಡಿ. ನಾಲ್ಕು ಕಾಲಿನ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಮಾಡುವ ಸ್ವಿಚ್) ತನ್ನಿ, ಕಾಲುಗಳಿಗೆ ನಂಬರ್ ಇರುತ್ತದೆ. ಬ್ಯಾಟರಿ ಪ್ಲಸ್‌ನಿಂದ ಅದಕ್ಕೇ ಅಂತ ಒಂದು ಫ್ಯೂಸ್ ಹಾಕಿ 30ನೇ ಕಾಲಿಗೆ, 87ರಿಂದ ಲೈಟಿಗೆ. ಲೈಟಿನ ಇನ್ನೊಂದು ವೈರ್ ಬ್ಯಾಟರಿ ಮೈನಸ್‌ಗೆ. 86ಕ್ಕೆ ಕೀ ಆನ್ ಮಾಡಿದಾಗ ಬರುವ ಪ್ಲಸ್ ಸ್ವಿಚ್ ಮೂಲಕ, 85 ಅರ್ಥಿಂಗ್‌ಗೆ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ. 20 ವ್ಯಾಟ್‌ನ ಎರಡು ಲೈಟಿಗೆ ಮೂರೂವರೆ ಆಂಪಿಯರ್ ಒಳಗೇ ಆಗುತ್ತದೆ, 5 ಆಂಪಿಯರ್ ಫ್ಯೂಸ್ ಸಾಕು.

ಎಲ್ಲಾ ಮುಗಿದ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ, ಸುಮಾರು 4000 ಆರ್‌ಪಿಎಂಗೆ ಏರಿಸಿ ಬ್ಯಾಟರಿ ಮೇಲೆ ವೋಲ್ಟೇಜ್ ನೋಡಿ. 13.5ರಿಂದ 14.5ರ ಒಳಗೆ ಇರಬೇಕು. 15 ದಾಟಿದರೆ ಆರ್‌ಆರ್ ಯೂನಿಟ್ ಕೆಟ್ಟಿದೆ, ಹಾಗೇ ಓಡಿಸಿದರೆ ಬ್ಯಾಟರಿ, ಬಲ್ಬ್ ಎರಡೂ ಹಾಳು. ಏರಿಸಿದರೂ 12ರಲ್ಲೇ ನಿಂತರೆ ಚಾರ್ಜಿಂಗ್ ಕಡೆ ಬೇರೆ ತೊಂದರೆ ಇದೆ. ಸ್ಟೇಟರ್‌ನಿಂದ (ಎಂಜಿನ್ ಒಳಗೆ ಕರೆಂಟ್ ಹುಟ್ಟಿಸುವ ಕಾಯಿಲ್) ಬರುವ ವೈರ್‌ಗಳನ್ನು, ಅವುಗಳ ಕಪ್ಲರನ್ನು ಮೊದಲು ನೋಡಿ.

ಎಬಿಎಸ್ ಇರುವ ಅಥವಾ ಫ್ಯೂಯಲ್ ಇಂಜೆಕ್ಷನ್ ಗಾಡಿಯವರು ಇದನ್ನು ಓದುತ್ತಿದ್ದರೆ, ಮೇನ್ ಪ್ಲಸ್ ಮತ್ತು ಅರ್ಥಿಂಗ್ ಪರೀಕ್ಷೆವರೆಗೆ ಮಾತ್ರ ಬನ್ನಿ. ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಸೆನ್ಸರ್ ವೈರ್‌ಗಳಿಗೆ ಟೆಸ್ಟ್ ಬಲ್ಬ್ ಹಚ್ಚಬೇಡಿ. ಅವು ಮಿಲಿ ಆಂಪಿಯರ್ ಲೆಕ್ಕದ ಸರ್ಕ್ಯೂಟ್, ಬಲ್ಬ್ ಎಳೆಯುವ ಕರೆಂಟಿಗೆ ಸುಟ್ಟುಹೋಗಬಹುದು. ಎಬಿಎಸ್ ಚಕ್ರದ ಸೆನ್ಸರ್ ವೈರ್ ಕಡಿದಿದ್ದರೆ ಜಾಯಿಂಟ್ ಮಾಡಬೇಡಿ, ಹೊಸದೇ ಹಾಕಿ.

ಇನ್ನು ವೈರಿಂಗ್ ಕಿಟ್ ಬದಲಿಸುವ ಪ್ರಶ್ನೆ. ಕುತ್ತಿಗೆ ಬಿಚ್ಚಿದಾಗ ಅಲ್ಲಿಂದ ದೂರದ ಒಂದು ವೈರಿನ ಸಿಪ್ಪೆಯನ್ನೂ ತುಸು ಸುಲಿದು ನೋಡಿ. ತಾಮ್ರ ಹೊಳೆಯುತ್ತಿದ್ದರೆ ಕಿಟ್ ಬೇಡ, ಹಾಳಾದ ತುಂಡಷ್ಟೇ ಬದಲಿಸಿ, ಸುಲಿದ ಕಡೆ ಹೀಟ್ ಶ್ರಿಂಕ್ ಹಾಕಿ. ದೂರದಲ್ಲೂ ತಾಮ್ರ ಕಪ್ಪಾಗಿದ್ದು, ಮಡಚಿದರೆ ಸಿಪ್ಪೆ ಪುಡಿ ಪುಡಿಯಾಗಿ ಉದುರುತ್ತಿದ್ದರೆ, ಅಥವಾ ಶಾರ್ಟ್ ಆದಾಗ ಕಟ್ಟಿನ ಒಳಗೆ ವೈರ್‌ಗಳು ಒಂದಕ್ಕೊಂದು ಕರಗಿ ಅಂಟಿಕೊಂಡಿದ್ದರೆ ಕಿಟ್ ಬದಲಿಸಲೇಬೇಕು. ಆಗಲೂ ಅರ್ಥಿಂಗ್ ಬೋಲ್ಟ್ ಉಜ್ಜಿ, ಕೀ ಲಾಕ್ ಪರೀಕ್ಷಿಸಿಯೇ ಹೊಸ ಕಿಟ್ ಕೂರಿಸಿ, ಅವು ಕಿಟ್ ಜೊತೆಗೆ ಬರುವುದಿಲ್ಲ.